ಪಾಠ ನಮ್ಮ ಗದ್ದೆಯಿಂದಲೇ ಆರಂಭವಾಗಲಿ



ದಾವಣಗೆರೆ, ಹರಿಹರ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ನೀರು ಹರಿಯುವ ಕಡೆ ಭತ್ತ, ಮಳೆಯನ್ನೇ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ. ನಾಲೆಯ ಮೇಲ್ಭಾಗದವರ ಕಷ್ಟ ಒಂದು ಬಗೆಯಾದರೆ, ಕೊನೆಭಾಗದವರದು ಇನ್ನೊಂದು ಬಗೆ. ಇವರೆಲ್ಲರಿಗೂ ಒಂದೇ ಉಪನ್ಯಾಸ ಮಾಡುವುದೆಂದರೆ ನಾಡಿ ನೋಡದೆ ಮದ್ದು ಕೊಟ್ಟಂತೆ. ಕೇಳಿದವರು ತಲೆದೂಗಿ ಮನೆಗೆ ಹೋಗುತ್ತಾರೆ. ಗದ್ದೆಯಲ್ಲಿ ಏನೂ ಬದಲಾಗುವುದಿಲ್ಲ.

ಭತ್ತದ ಕಂದು ಜಿಗಿಹುಳುವನ್ನೇ ನೋಡಿರಿ. ಇದು ಪೈರಿನ ಬುಡದಲ್ಲಿ, ನೀರಿಗೆ ಸಮೀಪ ಕುಳಿತು ರಸ ಹೀರುತ್ತದೆ. ಪೈರು ದುಂಡುದುಂಡಾಗಿ ಸುಟ್ಟಂತೆ ಒಣಗಿದ ಮೇಲೆ ಕಣ್ಣಿಗೆ ಬಿದ್ದರೆ ಆಗಲೇ ತಡವಾಗಿರುತ್ತದೆ. ಒತ್ತಾದ ನಾಟಿ, ಅತಿಯಾದ ಯೂರಿಯಾ, ಸದಾ ನಿಂತ ನೀರು ಇದಕ್ಕೆ ಅನುಕೂಲ. ಹೆದರಿ ಪದೇ ಪದೇ ಔಷಧಿ ಹೊಡೆದರೆ ಹುಳುವನ್ನು ತಿನ್ನುವ ಜೇಡಗಳು ಸಾಯುತ್ತವೆ. ಹುಳು ಮತ್ತೆ ಹೆಚ್ಚುತ್ತದೆ. ಸಾಲದ ಹಣವೂ ಹೋಯಿತು, ಬೆಳೆಯೂ ಹೋಯಿತು. ಇಲ್ಲಿ ರೈತನಿಗೆ ಬೇಕಾದುದು ಔಷಧಿಗಳ ಪಟ್ಟಿಯಲ್ಲ. ಬುಡ ಬಿಡಿಸಿ ನೋಡಿ, ಯಾವುದು ಶತ್ರು, ಯಾವುದು ಮಿತ್ರ ಎಂದು ಗುರುತಿಸುವ ಕಣ್ಣು.

ಇಂಡೋನೇಷ್ಯ ದೇಶಕ್ಕೂ ಇದೇ ಹುಳುವಿನ ಕಾಟವಿತ್ತು. ಅಲ್ಲಿ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿದರು. 1989ರಲ್ಲಿ ರೈತ ಕ್ಷೇತ್ರ ಪಾಠಶಾಲೆಗಳು ಆರಂಭವಾದುವು. ಸುಮಾರು 25 ರೈತರು ಬೆಳೆ ಮುಗಿಯುವವರೆಗೆ ವಾರಕ್ಕೊಮ್ಮೆ ಗದ್ದೆಯಲ್ಲಿ ಸೇರಿ, ಹುಳುಗಳನ್ನು ಎಣಿಸಿ, ಕಂಡುದನ್ನು ಚಿತ್ರ ಬರೆದು, ತಾವೇ ಚರ್ಚಿಸಿ ತೀರ್ಮಾನಿಸುವರು. ಗುರುವಿನ ಕೆಲಸ ಉತ್ತರ ಹೇಳುವುದಲ್ಲ, ಪ್ರಶ್ನೆ ಕೇಳುವುದು. ಈ ಕ್ರಮ ಮುಂದೆ ಭಾರತಕ್ಕೂ ಬಂದಿತು.

ನಿಮ್ಮ ಊರಿನಲ್ಲಿ ತರಬೇತಿ ಏರ್ಪಡಿಸುವಾಗ ಈ ಅಂಶಗಳನ್ನು ಗಮನಿಸಿರಿ:

1. ಮೊದಲು ಹತ್ತು ಮಂದಿ ಕೂಡಿ, ಕಳೆದ ಬೆಳೆಯಲ್ಲಿ ನಷ್ಟವಾದುದು ಎಲ್ಲಿ ಎಂದು ಬರೆದಿಡಿರಿ. ಅದೇ ಪಾಠದ ವಿಷಯವಾಗಲಿ.

2. ಕಲಿತ ಮೇಲೆ ರೈತನು ಯಾವ ಕೆಲಸವನ್ನು ಬೇರೆ ರೀತಿ ಮಾಡಬೇಕು ಎಂಬುದನ್ನು ಒಂದೇ ಮಾತಿನಲ್ಲಿ ಗೊತ್ತುಮಾಡಿರಿ.

3. ಪಾಠವು ಕೆಲಸದ ಕಾಲಕ್ಕೆ ಸರಿಯಾಗಿ ಬರಲಿ. ಸಾಲುಗಳ ನಡುವೆ ಓಡಾಡುವ ದಾರಿ ಬಿಡುವ ವಿಷಯವನ್ನು ನಾಟಿಗೆ ಮುಂಚೆಯೇ ಹೇಳಬೇಕು.

4. ನಾಟಿ, ಕಳೆ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಅವರಿಗೆ ಬಿಡುವಾದ ಹೊತ್ತಿನಲ್ಲಿ ಪಾಠ ನಡೆಯಲಿ.

5. ಒಂದು ಮೂಲೆಯಲ್ಲಿ ಹೊಸ ಕ್ರಮ, ಪಕ್ಕದಲ್ಲಿ ಹಳೆಯ ಕ್ರಮ ಇಟ್ಟು, ಖರ್ಚು ಮತ್ತು ಇಳುವರಿಯನ್ನು ಹೋಲಿಸಿ ನೋಡಿರಿ.

ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿಗೆ ಹೋದಾಗ “ಏನಾದರೂ ತರಬೇತಿ ಕೊಡಿ” ಎನ್ನಬೇಡಿರಿ. ಬರೆದಿಟ್ಟ ಪಟ್ಟಿಯನ್ನು ಮುಂದಿಟ್ಟು, “ನಮ್ಮ ಗದ್ದೆಗೆ ಬನ್ನಿ, ಇದನ್ನು ಕಲಿಸಿ” ಎಂದು ಕೇಳಿರಿ.