ನೈಸರ್ಗಿಕ ಅನಿಲ: ‘ಶುದ್ಧ ಇಂಧನ’ ಎಂದು ಬೋಧಿಸುವ ಮುನ್ನ

ಪ್ರೌಢಶಾಲಾ ವಿಜ್ಞಾನದಲ್ಲಿ ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ ಮೂರೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಮೊದಲೆರಡಕ್ಕೆ ಅವಧಿಯೆಲ್ಲ ಖರ್ಚಾಗಿ, ಅನಿಲಕ್ಕೆ ಉಳಿಯುವುದು ಕೊನೆಯ ಹತ್ತು ನಿಮಿಷ. ‘ಅದು ಶುದ್ಧ ಇಂಧನ’ ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಪಾಠ ಮುಗಿದಂತೆ. ಆ ಮಾತು ಸುಳ್ಳಲ್ಲ. ಆದರೆ ಅದು ಒಲೆಯ ಜ್ವಾಲೆಯ ಬಗ್ಗೆ ಮಾತ್ರ ಹೇಳಬಹುದಾದ ಮಾತು. ಬಾವಿಯಿಂದ ಒಲೆಯವರೆಗಿನ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬೇರೆಯಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ‘ನಿಮ್ಮ ಮನೆಯಲ್ಲಿ ನೈಸರ್ಗಿಕ ಅನಿಲ ಇದೆಯೇ?’ ಎಂದು ಕೇಳಿದರೆ ಸಿಲಿಂಡರ್ ಇರುವ ಮನೆಯ ಮಕ್ಕಳೆಲ್ಲ ಕೈ ಎತ್ತುವುದು ಸಹಜ. ಸಿಲಿಂಡರ್‌ನಲ್ಲಿರುವುದು ಎಲ್‌ಪಿಜಿ, ಅಂದರೆ ಒತ್ತಡದಿಂದ ದ್ರವವಾಗಿಸಿದ ಪ್ರೊಪೇನ್ ಮತ್ತು ಬ್ಯೂಟೇನ್. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಗಾಳಿಯ ಸರಾಸರಿ ಅಣುತೂಕ ಸುಮಾರು 29; ಮೀಥೇನಿನದು 16, ಪ್ರೊಪೇನಿನದು 44, ಬ್ಯೂಟೇನಿನದು 58. ಆದ್ದರಿಂದ ಸೋರಿದ ಎಲ್‌ಪಿಜಿ ನೆಲದ ಮೇಲೆ ಹರಡಿಕೊಂಡರೆ, ಮೀಥೇನ್ ಮೇಲಕ್ಕೇರುತ್ತದೆ. ಕೊಳವೆ ಅನಿಲ ಬಂದಿರುವ ಬಡಾವಣೆಗಳ ಮಕ್ಕಳಿಗಂತೂ ಇದನ್ನು ಹೇಳಿಕೊಡಲೇಬೇಕು.

ನಮ್ಮ ರಾಜ್ಯಕ್ಕೆ ಈ ಅನಿಲ ಹೊರಗಿನಿಂದಲೇ ಬರಬೇಕು. ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿನವರೆಗಿನ ಸುಮಾರು 1,000 ಕಿ.ಮೀ. ಕೊಳವೆಮಾರ್ಗ 2013ರಲ್ಲಿ ಆರಂಭವಾಯಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿ.ಮೀ. ಮಾರ್ಗ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ದೇಶ ಬಳಸುವ ಅನಿಲದಲ್ಲಿ ಸರಿಸುಮಾರು ಅರ್ಧದಷ್ಟು ಹಡಗಿನಲ್ಲಿ ಬರುತ್ತದೆ. ಅದಕ್ಕಾಗಿ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಗಾತ್ರವನ್ನು ಆರುನೂರನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಹಾಗೆ ತಣಿಸಲೂ ಸಾಕಷ್ಟು ಶಕ್ತಿ ಬೇಕು.

ಈಗ ಜ್ವಾಲೆಯ ವಿಷಯಕ್ಕೆ ಬರೋಣ. ಒಂದು ಮೀಥೇನ್ ಅಣು ಎರಡು ಆಕ್ಸಿಜನ್ ಅಣುಗಳೊಡನೆ ಉರಿದು ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರಿನ ಅಣುಗಳಾಗುತ್ತದೆ. ಬೂದಿ ಇಲ್ಲ, ಮಸಿ, ಗಂಧಕದ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ನೈಟ್ರೋಜನ್ ಆಕ್ಸೈಡುಗಳು ಮಾತ್ರ ತಪ್ಪುವುದಿಲ್ಲ. ಒಂದೇ ಪ್ರಮಾಣದ ಶಾಖ ಪಡೆಯಲು ಕಲ್ಲಿದ್ದಲು 100 ಭಾಗ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಅನಿಲ ಬಿಡುವುದು ಸುಮಾರು 60 ಭಾಗ. ದೆಹಲಿಯ ಬಸ್ಸುಗಳನ್ನು ಸಿಎನ್‌ಜಿಗೆ ಬದಲಾಯಿಸಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶಿಸಿದ್ದು ಡೀಸೆಲ್ ಹೊಗೆಯ ಕಾರಣದಿಂದಲೇ.

ತೊಡಕು ಇರುವುದು ಉರಿಯದೆ ತಪ್ಪಿಸಿಕೊಂಡ ಅನಿಲದಲ್ಲಿ. ಮೀಥೇನ್ ಸ್ವತಃ ಹಸಿರುಮನೆ ಅನಿಲ. ವಾತಾವರಣದಲ್ಲಿ ಅದು ಉಳಿಯುವುದು ಹನ್ನೆರಡು ವರ್ಷಗಳಷ್ಟೇ, ಆದರೆ ಇರುವಷ್ಟು ಕಾಲ ಬಲು ಜೋರಾಗಿ ಶಾಖವನ್ನು ಹಿಡಿದಿಡುತ್ತದೆ. ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗೆ ಹೋಲಿಸಿದರೆ 20 ವರ್ಷಗಳ ಲೆಕ್ಕದಲ್ಲಿ ಅದರ ಪ್ರಭಾವ ಸುಮಾರು 80 ಪಟ್ಟು, 100 ವರ್ಷಗಳ ಲೆಕ್ಕದಲ್ಲಿ ಸುಮಾರು 30 ಪಟ್ಟು.

ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಹಲಗೆಯ ಮೇಲೆ ಲೆಕ್ಕ ಮಾಡಿಸುವುದು ಮೇಲು. ಹತ್ತನೆಯ ತರಗತಿಯವರಿಗೆ ಇದು ಕಷ್ಟವಲ್ಲ. 16 ಗ್ರಾಂ ಮೀಥೇನ್ ಉರಿದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ 1 ಕಿ.ಗ್ರಾಂ. ಮೀಥೇನಿಗೆ 2.75 ಕಿ.ಗ್ರಾಂ. ಒಲೆಗೆ 1 ಕಿ.ಗ್ರಾಂ. ಮುಟ್ಟುವಷ್ಟರಲ್ಲಿ ದಾರಿಯಲ್ಲಿ 30 ಗ್ರಾಂ ಸೋರಿತು ಎನ್ನೋಣ. 20 ವರ್ಷಗಳ ಲೆಕ್ಕದಲ್ಲಿ ಆ 30 ಗ್ರಾಂ, 2.4 ಕಿ.ಗ್ರಾಂ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಒಟ್ಟು 5.15. ಕಲ್ಲಿದ್ದಲಿನ 100ಕ್ಕೆ ಎದುರಾಗಿ 60 ಇದ್ದದ್ದು ಈಗ 112 ಆಯಿತು! 100 ವರ್ಷಗಳ ಲೆಕ್ಕ ಹಿಡಿದರೆ 80ರ ಆಸುಪಾಸಿಗೆ ನಿಲ್ಲುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಬೇಕು. ಒಂದನ್ನೇ ಬರೆಸಿದರೆ ಅದು ಪಾಠವಲ್ಲ, ಪ್ರಚಾರ. ಕಲ್ಲಿದ್ದಲ ಗಣಿಗಳಿಂದಲೂ ಮೀಥೇನ್ ಹೊರಬರುತ್ತದೆ, ಅನಿಲದ ವಿದ್ಯುತ್ ಸ್ಥಾವರಗಳ ದಕ್ಷತೆ ಹೆಚ್ಚು ಎಂಬುದನ್ನೂ ಜೊತೆಗೆ ಹೇಳಬೇಕು.

ಮೂರು ಶೇಕಡಾ ಸೋರಿಕೆ ಬರೀ ಕಲ್ಪನೆಯೇ? 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಅನಿಲ ಸರಬರಾಜು ಸರಪಳಿಯಲ್ಲಿ ಉತ್ಪಾದನೆಯ 2.3 ಶೇಕಡಾ ಸೋರುತ್ತಿದೆ ಎಂದು ಅಂದಾಜಿಸಿತು. ಲಾಸ್ ಏಂಜಲೀಸ್ ಬಳಿಯ ಅಲಿಸೊ ಕ್ಯಾನ್ಯನ್ ಭೂಗತ ಸಂಗ್ರಹಾಗಾರದಲ್ಲಿ 2015ರ ಅಕ್ಟೋಬರ್‌ನಲ್ಲಿ ಒಂದೇ ಒಂದು ಬಾವಿ ಬಿರಿಯಿತು. ಮುಚ್ಚುವ ಹೊತ್ತಿಗೆ 2016ರ ಫೆಬ್ರವರಿ. ಅಷ್ಟರಲ್ಲಿ ಸುಮಾರು 97,000 ಟನ್ ಮೀಥೇನ್ ಆಕಾಶ ಸೇರಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ಮಾತ್ರ ಬೆಟ್ಟದ ಮೇಲಿನಿಂದ ಏಳುವ ದಟ್ಟ ಹೊಗೆಯಂತೆ ಕಂಡಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಅವರನ್ನು ಎಚ್ಚರಿಸಿದ್ದು ಅನಿಲಕ್ಕೆ ಬೆರೆಸಿದ ದುರ್ವಾಸನೆ.

ಮೀಥೇನಿಗೆ ತನ್ನದೇ ವಾಸನೆಯಿಲ್ಲ. ಮರ್‌ಕ್ಯಾಪ್ಟಾನ್ ಎಂಬ ನಾರುವ ಗಂಧಕ ಸಂಯುಕ್ತವನ್ನು ಬೇಕೆಂದೇ ಬೆರೆಸುತ್ತಾರೆ. ಈ ಪದ್ಧತಿ ಕಾನೂನಾದ ಹಿಂದೆ ಒಂದು ಶಾಲೆಯ ಕಥೆಯಿದೆ. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಊರಿನ ಶಾಲೆಯ ನೆಲದಡಿ ಸೋರಿ ತುಂಬಿದ್ದ ಅನಿಲ ಸಿಡಿದು, ಮುನ್ನೂರರಷ್ಟು ಮಕ್ಕಳು ಮತ್ತು ಶಿಕ್ಷಕರು ಸತ್ತರು. ಯಾರಿಗೂ ವಾಸನೆ ಬಂದಿರಲಿಲ್ಲ. ಆ ಬಳಿಕವೇ ಅಲ್ಲಿ ವಾಸನೆ ಬೆರೆಸುವುದು ಕಡ್ಡಾಯವಾಯಿತು. ಆದರೆ ಬಾವಿ ಮತ್ತು ಸಂಸ್ಕರಣಾ ಘಟಕಗಳಲ್ಲಿ ಸೋರುವ ಅನಿಲಕ್ಕೆ ಸಾಮಾನ್ಯವಾಗಿ ಈ ವಾಸನೆ ಇನ್ನೂ ಸೇರಿರುವುದಿಲ್ಲ.

ತೈಲಬಾವಿಗಳ ಚಿತ್ರ ತೋರಿಸಿದರೆ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುತ್ತಿರುವ ಬೆಂಕಿಯನ್ನು ಯಾರಾದರೊಬ್ಬ ಹುಡುಗಿ ಗುರುತಿಸದೆ ಇರಳು. ‘ಅನಿಲವನ್ನು ಸುಮ್ಮನೆ ಯಾಕೆ ಸುಡುತ್ತಾರೆ, ಗಾಳಿಗೆ ಬಿಟ್ಟರೆ ಹೊಗೆಯಾದರೂ ತಪ್ಪುತ್ತಿತ್ತಲ್ಲ?’ ಎಂದು ಕೇಳಬಹುದು. ನಾವು ಉತ್ತರ ಹೇಳುವುದು ಬೇಡ. ಹಲಗೆಯ ಮೇಲಿನ ಲೆಕ್ಕವನ್ನು ಅಳಿಸದೆ ಇಟ್ಟಿದ್ದರೆ, 2.75 ಮತ್ತು 80 ಎಂಬ ಎರಡು ಸಂಖ್ಯೆಗಳತ್ತ ಬೆರಳು ತೋರಿಸಿದರೆ ಸಾಕು.