ಕಿತ್ತ ಹಳಿಯ ಜಾಗದಲ್ಲೇ ಮತ್ತೆ ರೈಲು

ಲಾಸ್ ಏಂಜಲೀಸ್ ಎಂದರೆ ಕಾರಿಲ್ಲದವರಿಗೆ ಕಾಲೇ ಇಲ್ಲದಂಥ ಊರು ಎಂಬ ಮಾತಿದೆ. ಅಮೆರಿಕದ ಫ್ರೀವೇ ಬದುಕಿಗೆ ಉದಾಹರಣೆ ಬೇಕಾದಾಗಲೆಲ್ಲ ಜನ ಬೊಟ್ಟು ಮಾಡುವುದು ಈ ಊರನ್ನೇ. ಹೀಗಿದ್ದೂ ಜಗತ್ತಿನ ಅತಿ ಉದ್ದದ ಲೈಟ್ ರೈಲು ಮಾರ್ಗವೆಂಬ ಹೆಸರು ಇಲ್ಲಿಯ ‘ಎ ಲೈನ್’ಗೆ ಸಂದಿದೆ. ಕಡಲತೀರದ ಲಾಂಗ್ ಬೀಚ್‌ನಿಂದ ಹೊರಟು, ನಗರದ ನಡುವೆ ಸುರಂಗದಲ್ಲಿ ನುಸುಳಿ, ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲಿನ ಬುಡದ ಪೊಮೋನಾ ಮುಟ್ಟುವಷ್ಟರಲ್ಲಿ ಸುಮಾರು 92 ಕಿಲೋಮೀಟರ್, 48 ನಿಲ್ದಾಣ, ಎರಡು ಗಂಟೆಗೂ ಮೀರಿದ ಪ್ರಯಾಣ.

ಲೈಟ್ ರೈಲು ಟ್ರಾಮ್‌ಗಿಂತ ದೊಡ್ಡದು, ಮೆಟ್ರೋಗಿಂತ ಹಗುರ. ಮೇಲಿನ ತಂತಿಯಿಂದ ವಿದ್ಯುತ್ ಪಡೆದು ಕೆಲವು ಕಡೆ ತನ್ನದೇ ದಾರಿಯಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಕೆಲವು ಕಡೆ ಬೀದಿಯ ನಡುವೆ ಕಾರುಗಳ ಜೊತೆ ಸಿಗ್ನಲ್ ಕಾಯುತ್ತದೆ. ಎ ಲೈನ್‌ನಲ್ಲಿ ಇವೆರಡೂ ಉಂಟು. ಯಾಕೆ ಹಾಗೆ ಎಂಬುದಕ್ಕೆ ಉತ್ತರ ಹಳಿಯ ಕೆಳಗಿನ ನೆಲದಲ್ಲಿದೆ.

ಹೆನ್ರಿ ಹಂಟಿಂಗ್ಟನ್ ಎಂಬ ಉದ್ಯಮಿ 1901ರಲ್ಲಿ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ ಕಟ್ಟಿದ. ಮರುವರ್ಷ ಜುಲೈ 4ರಂದು ಲಾಂಗ್ ಬೀಚ್‌ಗೆ ಅದರ ವಿದ್ಯುತ್ ರೈಲು ಓಡಿತು. ಕೆಂಪು ಬಣ್ಣದ ಆ ಬೋಗಿಗಳನ್ನು ಜನ ‘ರೆಡ್ ಕಾರ್’ ಎಂದರು. ಹಂಟಿಂಗ್ಟನ್‌ನ ಕಣ್ಣು ಟಿಕೆಟ್ ಹಣಕ್ಕಿಂತ ಹೆಚ್ಚಾಗಿ ಜಮೀನಿನ ಮೇಲಿತ್ತು. ರೈಲು ಮುಟ್ಟಿದಲ್ಲೆಲ್ಲ ಹೊಲಗಳು ಸೈಟುಗಳಾದವು. ಮಾರುವವರು ಅವನದೇ ಭೂಮಿ ಕಂಪನಿಯವರು. ಉತ್ತುಂಗದ ದಿನಗಳಲ್ಲಿ ಈ ಜಾಲ ಸಾವಿರ ಮೈಲಿ ದಾಟಿತ್ತು. ಆದರೆ ಸೈಟುಗಳೆಲ್ಲ ಮಾರಾಟವಾದ ಮೇಲೆ ನಷ್ಟದ ರೈಲನ್ನು ಸಾಕುವ ಉಮೇದು ಯಾರಿಗೂ ಉಳಿಯಲಿಲ್ಲ. ರಸ್ತೆ ಹೆಚ್ಚಿದಂತೆ ಕ್ರಾಸಿಂಗ್ ಹೆಚ್ಚಿದವು, ರೈಲು ನಿಧಾನವಾಯಿತು, ಜನ ಕಾರು ಕೊಂಡರು.

ಕಾರು ಕಂಪನಿಗಳು ಸಂಚು ಮಾಡಿ ರೆಡ್ ಕಾರನ್ನು ಮುಗಿಸಿದವೆಂಬ ಕಥೆ ಆ ಊರಿನಲ್ಲಿ ಮನೆಮಾತು. ಅಷ್ಟು ಸರಳವಾಗಿ ನಾನದನ್ನು ಒಪ್ಪಲಾರೆ. 1953ರಲ್ಲಿ ಪ್ರಯಾಣಿಕ ಸೇವೆ ಖಾಸಗಿ ಬಸ್ ಕಂಪನಿಯೊಂದರ ಪಾಲಾಯಿತು ನಿಜ. ಆದರೆ 1958ರಲ್ಲಿ ಅದು ಸರ್ಕಾರಿ ಸಾರಿಗೆ ಪ್ರಾಧಿಕಾರದ ಕೈಗೆ ಬಂತು. ಕೊನೆಗೆ ಉಳಿದಿದ್ದ ಲಾಂಗ್ ಬೀಚ್ ಮಾರ್ಗವನ್ನು 1961ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದು ಆ ಪ್ರಾಧಿಕಾರವೇ. ಸಾರ್ವಜನಿಕ ಸಂಸ್ಥೆಯೇ ಕೈಬಿಟ್ಟಿತೆಂಬ ಸತ್ಯ ಸಂಚಿನ ಕಥೆಗಿಂತ ಹೆಚ್ಚು ನೋವಿನದು.

ಈ ರೈಲು ಯಾರ ಬದುಕಿನೊಳಗೆ ಹಾದುಹೋಗಿತ್ತು ಎಂಬುದನ್ನು ಇದೇ ದಾರಿಯಲ್ಲಿರುವ ವಾಟ್ಸ್ ಬಡಾವಣೆಯಲ್ಲಿ ನೋಡಬೇಕು. 103ನೇ ಬೀದಿಯ ನಿಲ್ದಾಣದ ಪಕ್ಕದಲ್ಲೇ 1904ರ ಹಳೆಯ ಮರದ ಸ್ಟೇಷನ್ ಕಟ್ಟಡ ಈಗಲೂ ನಿಂತಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ವಾಟ್ಸ್ ಗೋಪುರಗಳಿವೆ. ಇಟಲಿಯಿಂದ ಬಂದ ಕೂಲಿಕಾರ ಸೈಮನ್ ರೋಡಿಯಾ 1921ರಿಂದ 1954ರವರೆಗೆ ಒಬ್ಬನೇ ಕಟ್ಟಿದ್ದು ಇವನ್ನು. ಕಬ್ಬಿಣದ ಸರಳಿಗೆ ತಂತಿ ಜಾಲರಿ ಸುತ್ತಿ, ಸಿಮೆಂಟು ಮೆತ್ತಿ, ಅದು ಹಸಿಯಿದ್ದಾಗಲೇ ಒಡೆದ ಪಿಂಗಾಣಿ ತಟ್ಟೆ, ಕಪ್ಪೆಚಿಪ್ಪು, ಸೋಡಾ ಬಾಟಲಿಯ ಹಸಿರು ಗಾಜು ಒತ್ತಿದ್ದಾನೆ. ಅತಿ ಎತ್ತರದ ಗೋಪುರ ಸುಮಾರು 30 ಮೀಟರ್. ಸರಳು ಬಗ್ಗಿಸಲು ಅವನ ಹತ್ತಿರ ಯಂತ್ರವಿರಲಿಲ್ಲ. ಮನೆ ಪಕ್ಕದ ರೈಲು ಹಳಿಯ ಅಡಿಗೆ ಸರಳಿನ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಗೆ ಮೈಭಾರ ಹಾಕಿ ಬಗ್ಗಿಸುತ್ತಿದ್ದ. ಒಡಕು ಗಾಜು, ಬೋಕಿ ಆಯಲು ಹಳಿಗುಂಟ ಮೈಲಿಗಟ್ಟಲೆ ನಡೆಯುತ್ತಿದ್ದ. ಅಪಾಯಕಾರಿ ಕಟ್ಟಡವೆಂದು ನಗರಾಡಳಿತ ಕೆಡವಲು ಹೊರಟಾಗ, 1959ರಲ್ಲಿ ಹತ್ತು ಸಾವಿರ ಪೌಂಡ್ ಬಲ ಹಾಕಿ ಜಗ್ಗಿ ಪರೀಕ್ಷೆ ಮಾಡಿದರು. ಗೋಪುರ ಬೀಳಲಿಲ್ಲ.

ರೆಡ್ ಕಾರ್ ನಿಂತ ನಾಲ್ಕು ವರ್ಷಕ್ಕೆ, 1965ರ ಆಗಸ್ಟ್‌ನಲ್ಲಿ, ಕಪ್ಪು ಜನರ ಆಕ್ರೋಶ ಸ್ಫೋಟಗೊಂಡು ಇದೇ ವಾಟ್ಸ್ ಹೊತ್ತಿ ಉರಿಯಿತು. 34 ಮಂದಿ ಸತ್ತರು. 103ನೇ ಬೀದಿಯ ಅಂಗಡಿಗಳು ಸುಟ್ಟುಹೋದರೂ ಹಳೆಯ ಸ್ಟೇಷನ್ ಉಳಿಯಿತು. ಪೊಲೀಸ್ ದೌರ್ಜನ್ಯ, ನಿರುದ್ಯೋಗಗಳ ಜೊತೆಗೆ, ಕೆಲಸ ಹುಡುಕಿಕೊಂಡು ಹೋಗಲು ಸರಿಯಾದ ಬಸ್ಸು ಕೂಡ ಇಲ್ಲದ್ದು ಇಲ್ಲಿಯವರ ಕಷ್ಟಗಳಲ್ಲಿ ಒಂದಾಗಿತ್ತು. ಗವರ್ನರ್ ನೇಮಿಸಿದ ಮೆಕೋನ್ ಆಯೋಗವೂ ಸಾರಿಗೆಯ ಕೊರತೆಯನ್ನು ತನ್ನ ವರದಿಯಲ್ಲಿ ದಾಖಲಿಸಿತು.

ಈ ಭಾಗವನ್ನು ಪ್ರತಿನಿಧಿಸುತ್ತಿದ್ದ ಕೌಂಟಿ ಸೂಪರ್‌ವೈಸರ್ ಕೆನೆತ್ ಹಾನ್ ರೈಲಿನ ಮಾತನ್ನು ಬಿಡಲಿಲ್ಲ. ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಕೊಡಿ ಎಂದು 1980ರಲ್ಲಿ ಮತದಾರರ ಮುಂದೆ ಹೋದ ‘ಪ್ರಪೊಸಿಷನ್ ಎ’ ಗೆದ್ದಿತು. ಎರಡು ವರ್ಷ ಕೋರ್ಟಿನಲ್ಲಿ ಸಿಕ್ಕಿಕೊಂಡು ಹೊರಬಂತು. ಆಗ ನೆರವಿಗೆ ಬಂದದ್ದು ಹಳೆಯ ರೈಲು ದಾರಿ. ರೆಡ್ ಕಾರ್ ನಿಂತರೂ ಅದೇ ಜಾಗದಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯ ಗೂಡ್ಸ್ ರೈಲು ಓಡುತ್ತಲೇ ಇತ್ತು. ಹಾಗಾಗಿ ಆ ಪಟ್ಟಿ ಸೈಟಾಗದೆ ಉಳಿದಿತ್ತು. 1990ರ ಜುಲೈ 14ರಂದು ‘ಬ್ಲೂ ಲೈನ್’ ಎಂಬ ಹೆಸರಿನಲ್ಲಿ ಲಾಂಗ್ ಬೀಚ್ ರೈಲು ಮರಳಿ ಬಂತು. ಖರ್ಚು 87.7 ಕೋಟಿ ಡಾಲರ್. ಕೈಯಲ್ಲಿದ್ದುದನ್ನು ಕಿತ್ತುಹಾಕಿ, 29 ವರ್ಷದ ಮೇಲೆ ಮತ್ತೆ ಕೊಂಡ ಬೆಲೆ ಇದು.

ಇನ್ನೊಂದು ಬೆಲೆಯನ್ನು ತೆತ್ತವರು ವಾಟ್ಸ್, ವಿಲ್ಲೋಬ್ರೂಕ್, ಕಾಂಪ್ಟನ್‌ನ ಜನ. ಇಲ್ಲಿ ರೈಲು ನೆಲದ ಮಟ್ಟದಲ್ಲೇ ರಸ್ತೆಗಳನ್ನು ದಾಟುತ್ತದೆ, ಪಕ್ಕದಲ್ಲೇ ಗೂಡ್ಸ್ ಹಳಿ. ನಿಧಾನವಾಗಿ ಬರುವ ಗೂಡ್ಸ್ ರೈಲನ್ನು ನೋಡಿ ಗೇಟು ಸುತ್ತಿ ದಾಟಲು ಹೋದವರಿಗೆ ಅದರ ಮರೆಯಲ್ಲಿ ವೇಗವಾಗಿ ಬರುವ ಇನ್ನೊಂದು ರೈಲು ಕಾಣುವುದಿಲ್ಲ. ಈ ಮಾರ್ಗದಲ್ಲಿ ಇದುವರೆಗೆ ಸತ್ತವರ ಸಂಖ್ಯೆ ನೂರನ್ನು ಎಂದೋ ದಾಟಿದೆ. ಆಮೇಲೆ ರಸ್ತೆಯ ನಾಲ್ಕೂ ಬದಿ ಮುಚ್ಚುವ ಗೇಟು, ಪಾದಚಾರಿಗಳಿಗೆ ಪ್ರತ್ಯೇಕ ತಡೆ ಬಂದವು. ಮೊದಲೇ ಮಾಡಬೇಕಿದ್ದ ಕೆಲಸ ಅದು. ಮೇಲ್ಸೇತುವೆಗೆ ಹಣವಿಲ್ಲ ಎಂಬ ಸಬೂಬು ಬಡವರ ಬೀದಿಯಲ್ಲೇ ಹೆಚ್ಚು ಕೇಳಿಬರುವುದು ಅನ್ಯಾಯ.

ಉತ್ತರಾರ್ಧದ ಕಥೆ ಬೇರೆ, ನೆಲದ ಗುಟ್ಟು ಒಂದೇ. ಪ್ಯಾಸಡೀನಾ ಕಡೆಗೆ ಹೋಗುವುದು ಸಾಂಟಾ ಫೆ ರೈಲ್ವೆಯ ಹಳೆಯ ದಾರಿ. ಈ ಭಾಗ 2003ರ ಜುಲೈನಲ್ಲಿ ‘ಗೋಲ್ಡ್ ಲೈನ್’ ಎಂದು ಆರಂಭವಾಯಿತು, 2016ರಲ್ಲಿ ಅಜೂಸಾ ಮುಟ್ಟಿತು. ಹೈಲೆಂಡ್ ಪಾರ್ಕ್‌ನಲ್ಲಿ ಮನೆಗಳ ಮುಂಬಾಗಿಲಿನೆದುರೇ ಗಂಟೆ ಬಾರಿಸುತ್ತ ಮೆಲ್ಲಗೆ ಸಾಗುವ ರೈಲು, ಸ್ವಲ್ಪ ಮುಂದೆ ಹಳೆಯ ಉಕ್ಕಿನ ಸೇತುವೆಯ ಮೇಲೆ ಅರೋಯೊ ಸೆಕೊ ಕಣಿವೆ ದಾಟುತ್ತದೆ. ಕೆಳಗೆ ಹರಿಯುವುದು 1940ರಲ್ಲಿ ತೆರೆದ ಪಾರ್ಕ್‌ವೇಯ ಕಾರುಗಳ ಸಾಲು. ಆ ಊರಿನ ಫ್ರೀವೇ ಯುಗ ಶುರುವಾದದ್ದು ಅದರಿಂದ. ಪ್ಯಾಸಡೀನಾದ ಪೇಟೆ ದಾಟಿದ ಮೇಲಂತೂ ಸ್ವಲ್ಪ ದೂರ ರೈಲು ಓಡುವುದೇ ಫ್ರೀವೇಯ ನಟ್ಟನಡುವೆ. ಅಲ್ಲೆನ್ ನಿಲ್ದಾಣದಲ್ಲಿ ನಿಂತವರ ಎರಡೂ ಮಗ್ಗುಲಿಗೆ ಕಾರುಗಳ ಮೊರೆತ.

ಬ್ಲೂ, ಗೋಲ್ಡ್ ಎರಡೂ ಕೂಡಬೇಕೆಂಬುದು ಮೊದಲಿನಿಂದ ಇದ್ದ ಆಸೆ. ಬ್ಲೂ ಲೈನ್ 2019ರಲ್ಲಿ ದುರಸ್ತಿ ಮುಗಿಸಿಕೊಂಡು ‘ಎ ಲೈನ್’ ಆಯಿತು. 2023ರ ಜೂನ್ 16ರಂದು ನಗರದ ಅಡಿಯಲ್ಲಿ ಮೂರು ಕಿಲೋಮೀಟರಿನ ಸುರಂಗ ತೆರೆದು ಎರಡೂ ಒಂದಾದವು. 2025ರ ಸೆಪ್ಟೆಂಬರ್ 19ರಂದು ಗ್ಲೆಂಡೋರಾ, ಸ್ಯಾನ್ ಡೀಮಸ್, ಲ ವರ್ನ್ ದಾಟಿ ಪೊಮೋನಾ ಬಂತು. ಮುಂದೆ ಕ್ಲೇರ್‌ಮಾಂಟ್, ಮಾಂಟ್‌ಕ್ಲೇರ್‌ವರೆಗೆ ಒಯ್ಯುವ ಯೋಜನೆಯಿದೆ.

ಅದಕ್ಕೆ ಮುಂಚೆ ಆಗಬೇಕಾದ ಕೆಲಸ ನಗರದ ನಡುವೆಯೇ ಇದೆ. ಫ್ಲವರ್ ಬೀದಿ ಮತ್ತು ವಾಷಿಂಗ್ಟನ್ ಬುಲೆವಾರ್ಡ್ ಕೂಡುವಲ್ಲಿ ಎ ಲೈನ್ ಮತ್ತು ಇನ್ನೊಂದು ಲೈಟ್ ರೈಲು ಮಾರ್ಗವಾದ ಇ ಲೈನ್ ಎರಡರ ರೈಲುಗಳೂ ಒಂದೇ ಹಳಿಗೆ ಬರುತ್ತವೆ, ಮೇಲಿಂದ ರಸ್ತೆಯ ಸಿಗ್ನಲ್. ನೂರಾರು ಜನ ಕೂತ ಮೂರು ಬೋಗಿಯ ರೈಲು ಕೆಂಪು ದೀಪಕ್ಕೆ ನಿಲ್ಲುತ್ತದೆ, ಒಬ್ಬೊಬ್ಬರೇ ಕೂತ ಕಾರುಗಳು ದಾಟುತ್ತವೆ. ರೈಲಿಗೆ ಮೊದಲು ಹಸಿರು ಕೊಡಿ ಎಂಬುದು ಪ್ರಯಾಣಿಕರ ಹಳೆಯ ಬೇಡಿಕೆ. ಅದನ್ನು ಈಡೇರಿಸಲು ಹೊಸ ಸುರಂಗ ಬೇಡ, ಹೊಸ ನೆಲವೂ ಬೇಡ. ಸಿಗ್ನಲ್ ಬದಲಿಸಿದರೆ ಆಯಿತು. ಮಾರ್ಗ ಒಂದೇ ಆದ ಮೇಲಂತೂ ಆ ಮೂಲೆಯಲ್ಲಿ ಕಳೆದುಹೋದ ನಿಮಿಷಗಳನ್ನು ಲಾಂಗ್ ಬೀಚ್‌ನ ಪ್ಲಾಟ್‌ಫಾರಂನಲ್ಲಿ ನಿಂತವರೂ ಕಾಯಬೇಕು, ಪೊಮೋನಾದವರೂ ಕಾಯಬೇಕು.