ಹಿಮನಾಡಿನವರು ನಮ್ಮ ನೆರೆಯಲ್ಲಿ

ಸುಳ್ಯ, ಸಂಪಾಜೆ ದಾರಿಯಾಗಿ ಘಟ್ಟವೇರಿ, ಮಡಿಕೇರಿಯನ್ನು ದಾಟಿ ಮೈಸೂರಿನತ್ತ ಸಾಗುವವರಿಗೆ ಕುಶಾಲನಗರದ ಕಾವೇರಿ ಸೇತುವೆಯ ಆಚೆ ಬೇರೊಂದು ನಾಡೇ ಎದುರಾದಂತಾಗುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು, ಕೆಂಗಂದು ವಸ್ತ್ರ ಧರಿಸಿದ ಭಿಕ್ಷುಗಳು, ಜಪಮಣಿಯೆಣಿಸುತ್ತಾ ನಡೆಯುವ ಅಜ್ಜಿಯಂದಿರು. ನೆಟ್ಟಣ, ಕಡಬ, ಪುತ್ತೂರು ಕಡೆಯ ನಮ್ಮ ಕುಟುಂಬಗಳು ಬೈಲುಕುಪ್ಪೆಗೆ ಪ್ರವಾಸ ಹೋಗುವುದುಂಟು. ಸ್ವರ್ಣ ಮಂದಿರವನ್ನು ನೋಡಿ, ಚಿತ್ರ ತೆಗೆದುಕೊಂಡು ಮರಳುವುದುಂಟು. ಆದರೆ ಆ ಜನರು ಯಾರು, ಏನನ್ನು ಕಳೆದುಕೊಂಡು ಇಲ್ಲಿಗೆ ಬಂದರು ಎಂದು ವಿಚಾರಿಸುವವರು ವಿರಳ.

ಟಿಬೆಟ್ ಹಿಮಾಲಯದ ಉತ್ತರಕ್ಕಿರುವ ಎತ್ತರದ, ಶೀತಲವಾದ ಪ್ರಸ್ಥಭೂಮಿ. ಜವೆಗೋಧಿ ಬೆಳೆದು, ಯಾಕ್ ಮತ್ತು ಕುರಿಗಳನ್ನು ಸಾಕಿ, ದೂರದೂರದ ಸಣ್ಣ ಹಳ್ಳಿಗಳಲ್ಲಿ ಅಲ್ಲಿಯ ಜನ ಬದುಕಿದ್ದರು. 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಚೀನೀ ಆಡಳಿತದ ವಿರುದ್ಧ ದಂಗೆಯೆದ್ದು, ದಲೈಲಾಮಾ ಅವರು ಭಾರತಕ್ಕೆ ಬಂದರು. ಸುಮಾರು 80,000 ಮಂದಿ ಅವರನ್ನು ಹಿಂಬಾಲಿಸಿದರು. ಹಿಮದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದವರಿಗೆ ಬಯಲುಸೀಮೆಯ ಬಿಸಿಲೇ ಶತ್ರುವಾಯಿತು. ಹಲವರು ಗಡಿಪ್ರದೇಶದ ರಸ್ತೆ ಕೆಲಸಗಳಲ್ಲಿ ಕಲ್ಲು ಹೊತ್ತರು; ರೋಗರುಜಿನಗಳಿಗೆ ತುತ್ತಾದವರೂ ಬಹಳ.

ಆಗ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. 1961ರಲ್ಲಿ ಲುಗ್‌ಸುಂಗ್ ಸಂದುಪ್ಲಿಂಗ್ ಎಂಬ ಮೊದಲ ನೆಲೆ ಅಲ್ಲಿ ರೂಪುಗೊಂಡಿತು. ಭೂಮಿಯೆಂದರೆ ಅದು ಹೊಲವಾಗಿರಲಿಲ್ಲ, ಕಾಡಾಗಿತ್ತು. ಗುಡಾರಗಳಲ್ಲಿ ವಾಸ, ಹಗಲು ಮರ ಕಡಿಯುವ ಕೆಲಸ, ರಾತ್ರಿ ಆನೆಗಳ ಭಯ. ಹಿಮವನ್ನೇ ಕಂಡವರು ಮುಂಗಾರು ಮಳೆಯನ್ನೂ ಮುಸುಕಿನ ಜೋಳದ ಬೇಸಾಯವನ್ನೂ ಕಲಿಯಬೇಕಾಯಿತು. ಮುಂದೆ 1966ರಲ್ಲಿ ಮುಂಡಗೋಡು, ಬಳಿಕ ಹುಣಸೂರು ಮತ್ತು ಕೊಳ್ಳೇಗಾಲ ಪ್ರದೇಶಗಳಲ್ಲಿಯೂ ನೆಲೆಗಳಾದವು. ಬೇಸಾಯದ ಆದಾಯ ಸಾಲದಾದಾಗ ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದು ಅವರ ಉಪವೃತ್ತಿಯಾಯಿತು.

ಕಾಡು ಕಡಿದು ಬದುಕು ಕಟ್ಟಿದ ಈ ಕಥೆ ನಮ್ಮ ಸೀಮೆಗೆ ಹೊಸತಲ್ಲ. ತಿರುವಾಂಕೂರು ಕಡೆಯಿಂದ ಬಂದು ಮಲೇರಿಯಾ ಜ್ವರಕ್ಕೂ ಕಾಡುಪ್ರಾಣಿಗಳಿಗೂ ಅಂಜದೆ ನೆಲೆನಿಂತ ಹಿರಿಯರ ನೆನಪು ಇಲ್ಲಿಯ ಅನೇಕ ಮನೆಗಳಲ್ಲಿದೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ ದುಡಿದುದನ್ನೂ ನಾವು ಬಲ್ಲೆವು. ಎಂದಮೇಲೆ ‘ಹೊರಗಿನವರು’ ಎಂಬ ಮಾತನ್ನು ಆಡುವ ಮುನ್ನ ನಾವು ಸ್ವಲ್ಪ ಯೋಚಿಸುವುದು ಒಳಿತು.

ನಿರಾಶ್ರಿತರಿಗೆ ನಾವು ಕೊಟ್ಟದ್ದು ಮಾತ್ರವೇ, ಅವರಿಂದ ನಮಗೆ ಬಂದದ್ದು ಏನೂ ಇಲ್ಲವೇ? ಟಿಬೆಟಿಯನ್ನರ ಪುನರ್ವಸತಿಗೆಂದೇ 1968ರಲ್ಲಿ ‘ಮೈರಾಡ’ ಸಂಸ್ಥೆ ಹುಟ್ಟಿತು. ಆ ಕೆಲಸದ ಅನುಭವ ಪಡೆದ ಸಂಸ್ಥೆಯೇ ಮುಂದೆ ಹಳ್ಳಿಗಳ ಬಡವರತ್ತ ತಿರುಗಿ, 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳ ಪದ್ಧತಿಯನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆ ಆರಂಭಿಸಿತು. ಇಂದು ವಾರಕ್ಕೊಮ್ಮೆ ಸಂಘದಲ್ಲಿ ಕುಳಿತು ಉಳಿತಾಯದ ಹಣ ಕಟ್ಟುವ ನಮ್ಮ ತಾಯಂದಿರ ಪುಸ್ತಕದ ಹಿಂದೆ, ಹಿಮನಾಡಿನಿಂದ ಬಂದವರಿಗಾಗಿ ಆರಂಭವಾದ ಸೇವೆಯ ಒಂದು ಎಳೆಯೂ ಇದೆ.

ಕಥೋಲಿಕರಾದ ನಮಗೆ ಇನ್ನೂ ಒಂದು ಹಳೆಯ ನಂಟುಂಟು. 1716ರಲ್ಲಿ ಯೇಸುಸಭೆಯ ಇಟಲಿಯ ಗುರು ಇಪ್ಪೋಲಿತೊ ದೆಸಿದೇರಿ ಲ್ಹಾಸಾ ತಲುಪಿದರು. ಅವರು ಮೊದಲು ಮಾಡಿದ್ದು ಅಲ್ಲಿಯ ಭಾಷೆಯನ್ನೂ ಧರ್ಮಗ್ರಂಥಗಳನ್ನೂ ಕಲಿಯುವ ಕೆಲಸ. 1419ರಲ್ಲಿ ಸ್ಥಾಪಿತವಾದ ಸೆರಾ ಮಠದಲ್ಲಿ ಭಿಕ್ಷುಗಳ ನಡುವೆ ಕುಳಿತು ಅವರು ಅಧ್ಯಯನ ಮಾಡಿದರು. ಟಿಬೆಟಿ ಭಾಷೆಯಲ್ಲಿಯೇ ಗ್ರಂಥಗಳನ್ನು ರಚಿಸಿದರು. ಆ ಧರ್ಮಕ್ಷೇತ್ರವನ್ನು ಕಪುಚಿನ್ ಸಭೆಗೆ ಒಪ್ಪಿಸಿದ ರೋಮಿನ ಆದೇಶಕ್ಕೆ ತಲೆಬಾಗಿ 1721ರಲ್ಲಿ ಲ್ಹಾಸಾ ತೊರೆದರು. ಅದೇ ಸೆರಾ ಮಠ 1970ರ ಹೊತ್ತಿಗೆ ಬೈಲುಕುಪ್ಪೆಯಲ್ಲಿ ಮರುಹುಟ್ಟು ಪಡೆಯಿತು. ಅನ್ಯಧರ್ಮವನ್ನು ಅರಿತು ಮಾತನಾಡಬೇಕೆಂಬ ಅವರ ನಡೆಗೆ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಭೆಯ ಮುದ್ರೆಯೊತ್ತಿತೆನ್ನಬಹುದು. 1986ರ ಅಕ್ಟೋಬರ್ 27ರಂದು ಅಸ್ಸಿಸಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಕರೆದ ಶಾಂತಿಪ್ರಾರ್ಥನೆಗೆ ದಲೈಲಾಮಾ ಅವರೂ ಬಂದಿದ್ದರು.

ಆದರೆ ಈ ಸಮುದಾಯದ ನಾಳೆ ಏನು? ದೇಶಭ್ರಷ್ಟ ಟಿಬೆಟಿ ಆಡಳಿತ 2009ರಲ್ಲಿ ನಡೆಸಿದ ಗಣತಿಯಂತೆ ಭಾರತದಲ್ಲಿದ್ದ ಟಿಬೆಟಿಯನ್ನರು 94,203. ಆ ಬಳಿಕ ಯುವಜನರು ಅಮೆರಿಕ, ಕೆನಡಾ, ಯುರೋಪುಗಳತ್ತ ಸಾಗುವುದು ಹೆಚ್ಚಿದೆ. ಭಾರತದಲ್ಲಿ ಹುಟ್ಟಿ, ಭಾರತದ ಪೌರತ್ವ ಪಡೆಯಬಲ್ಲವರಲ್ಲಿಯೂ ದ್ವಂದ್ವವಿದೆ. ಪಡೆದರೆ ಬದುಕು ಸುಗಮ. ಆದರೆ ನಿರಾಶ್ರಿತರೆಂಬ ಗುರುತಿನೊಡನೆ ತಾಯ್ನಾಡಿನ ಹಕ್ಕೊತ್ತಾಯವೂ ಸಡಿಲವಾದೀತೇ ಎಂಬ ಅಳುಕು. ಹಿಮವನ್ನು ಕಣ್ಣಾರೆ ಕಂಡ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಮಕ್ಕಳು ದೂರ ಹೋದ ಮನೆಯಲ್ಲಿ ಭಾಷೆಯನ್ನು ಉಳಿಸುವವರು ಯಾರು?

ಈ ಪ್ರಶ್ನೆ ಅವರೊಬ್ಬರದಲ್ಲ. ರಬ್ಬರು, ಅಡಿಕೆ ತೋಟಗಳ ನಡುವಿನ ನಮ್ಮ ಮನೆಗಳಲ್ಲಿಯೂ ಮುದುಕರಿಬ್ಬರೇ ಉಳಿದು, ಮಕ್ಕಳ ಕರೆಗಾಗಿ ಕಾಯುವ ಸಂಜೆಗಳಿವೆ. ಮುಂದಿನ ಬಾರಿ ಬೈಲುಕುಪ್ಪೆಗೆ ಹೋದಾಗ ಮಂದಿರವನ್ನು ನೋಡಿದ ಮೇಲೆ ಅಲ್ಲಿಯ ಹಿರಿಯರೊಬ್ಬರ ಬಳಿ ಕ್ಷಣಕಾಲ ಕುಳಿತು, ‘ನಿಮ್ಮ ಊರು ಯಾವುದು?’ ಎಂದು ಕೇಳೋಣ. ಜೊತೆಗೆ ಬಂದ ನಮ್ಮ ಮಕ್ಕಳೂ ಆ ಉತ್ತರವನ್ನು ಕೇಳಿಸಿಕೊಳ್ಳಲಿ.